ದೂರದ ಗುರಿಗೆ ಯಾವ ಗುಂಡು?

ಜೂನ್ ತಿಂಗಳ ಒಂದು ಭಾನುವಾರ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ತರಕಾರಿ ಚೀಲ ಹಿಡ್ಕೊಂಡು ನಿಂತಿದ್ದೆ. ಅಪ್ಪನ ಫೋನು ಬಂತು.

"ಕೋವಿ ವಿಷಯ ಏನ್ ಮಾಡ್ತೀಯ? ನನ್ನ ಕಣ್ಣು ಇನ್ನು ಆಗಲ್ಲ ಕಣೋ. ಲೈಸೆನ್ಸ್ ರಿನೀವಲ್ಲೂ ಬಂತು. ನೀನು ಇಟ್ಕೊಳ್ತೀಯ ಅಂದ್ರೆ ನಿನ್ನ ಹೆಸರಿಗೆ ಮಾಡಿಸ್ತೀನಿ. ಇಲ್ಲಾಂದ್ರೆ ಮಾರಿಬಿಡ್ತೀನಿ."

ಅಷ್ಟೇ. ಮಳೆ ಹೇಗಿದೆ, ಮೊಮ್ಮಗಳು ಹೇಗಿದ್ದಾಳೆ, ಏನೂ ಇಲ್ಲ. ಎಪ್ಪತ್ತೆಂಟು ವರ್ಷದ ಅಪ್ಪ ಫೋನಿನಲ್ಲಿ ಯಾವತ್ತೂ ಹೀಗೆಯೇ. "ಒಂದೆರಡು ದಿನ ಟೈಮ್ ಕೊಡಿ ಅಪ್ಪ" ಅಂದೆ. ಆ ಒಂದೆರಡು ದಿನ ಮೂರು ತಿಂಗಳಾಯಿತು. ಆ ಮೂರು ತಿಂಗಳಲ್ಲಿ ನಾನು ಏನೇನು ಮಾಡಿದೆ, ಏನು ಕಲಿತೆ ಅಂತ ಬರೆದಿಡೋಣ ಅಂತ ಕೂತಿದ್ದೇನೆ. ಕೋವಿ, ಗುಂಡು ಅಂದರೆ ಆಗದವರು ಇಲ್ಲೇ ನಿಲ್ಲಿಸಬಹುದು, ಬೇಜಾರಿಲ್ಲ. ಆದರೆ ಇದರಲ್ಲಿ ಯಾವ ಪ್ರಾಣಿಯೂ ಸಾಯುವುದಿಲ್ಲ, ಆ ಭರವಸೆ ಕೊಡ್ತೀನಿ.

ಮೊದಲು ನನ್ನ ಹುಚ್ಚಿನ ವಿಷಯ ಹೇಳಿಬಿಡ್ತೀನಿ. ನಾಲ್ಕು ವರ್ಷದ ಹಿಂದೆ ಮಗಳನ್ನು ಜೆ.ಪಿ. ನಗರದಲ್ಲೇ ಒಂದು ಶೂಟಿಂಗ್ ಕ್ಲಾಸಿಗೆ ಸೇರಿಸಿದೆ. ಒಂದು ಕಟ್ಟಡದ ಮೂರನೇ ಮಹಡಿ, ಉದ್ದನೆಯ ಹಾಲು, ಹತ್ತು ಮೀಟರ್ ದೂರದಲ್ಲಿ ಕಾಗದದ ಗುರಿ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರಲ್ಲ, ಅದೇ ಏರ್ ರೈಫಲ್. ಮಗಳನ್ನು ಬಿಟ್ಟು ಬರಲು ಹೋಗುತ್ತಿದ್ದವನು ಕಾಯುವ ಹೊತ್ತಿಗೆ ನಾನೂ ಒಂದು ಕೈ ನೋಡಿದೆ. ಮಗಳು ಆರು ತಿಂಗಳಿಗೆ ಬಿಟ್ಟು ಭರತನಾಟ್ಯಕ್ಕೆ ಸೇರಿದಳು. ನಾನು ಬಿಡಲಿಲ್ಲ :)

ಆಮೇಲೆ ಊರಾಚೆಯ ಒಂದು ಕ್ಲಬ್ಬಿನಲ್ಲಿ 50 ಮೀಟರ್ ರೇಂಜಿಗೆ ಬಡ್ತಿ ಸಿಕ್ಕಿತು. ಅಲ್ಲಿ .22 ರೈಫಲ್, ಎಲ್ಲರೂ 'ಟೂ ಟೂ' ಅನ್ನುವುದು. ಕ್ಲಬ್ಬಿನ ರೈಫಲ್, ಕ್ಲಬ್ಬಿನ ಗುಂಡು. ತಿಂಗಳಿಗೆ ಎರಡು ಭಾನುವಾರ ಹೋಗಿ, ಚಾಪೆಯ ಮೇಲೆ ಬೋರಲು ಮಲಗಿ ಅರವತ್ತು ಗುಂಡು ಹೊಡೆದು ಬರುವುದು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ತಂದದ್ದು ಇದೇ 50 ಮೀಟರಿನಲ್ಲಿ.

ಮನುಷ್ಯನ ಬುದ್ಧಿ ನೋಡಿ, ಹತ್ತು ಸಿಕ್ಕರೆ ಐವತ್ತು, ಐವತ್ತು ಸಿಕ್ಕರೆ ಮುನ್ನೂರು. ಟೆಕ್ಸಾಸಿನಲ್ಲಿರುವ ಚಿಕ್ಕಪ್ಪನ ಮಗ ಒಂದು ವಿಡಿಯೋ ಕಳಿಸಿದ. ಮರಳುಗಾಡಿನಂಥ ಬಯಲು, ಇವನು ಗುಂಡು ಹಾರಿಸುತ್ತಾನೆ, ನಾವು ಒಂದು, ಎರಡು ಅಂತ ಎಣಿಸಬೇಕು, ಆಮೇಲೆ ಎಲ್ಲೋ ದೂರದಲ್ಲಿ ಕಬ್ಬಿಣದ ತಟ್ಟೆ 'ಟಣ್' ಅನ್ನುತ್ತೆ. ಸಾವಿರ ಗಜವಂತೆ! ಅವನದು 6.5 ಕ್ರೀಡ್‌ಮೋರ್, 2007ರಲ್ಲಿ ಅಮೆರಿಕದ ಹಾರ್ನಡಿ ಕಂಪನಿ ದೂರದ ಗುರಿ ಸ್ಪರ್ಧೆಗೆಂದೇ ತಂದ ಗುಂಡು. ಆ 'ಟಣ್' ಶಬ್ದ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅಂಥ ಹೊತ್ತಿನಲ್ಲಿ ಅಪ್ಪನ ಫೋನು ಬಂದದ್ದು. ನನ್ನ ತಲೆಯಲ್ಲಿ ತಕ್ಷಣ ಓಡಿದ ಯೋಚನೆ ಏನೆಂದರೆ, ಹೇಗೂ ಲೈಸೆನ್ಸ್ ಆಗುವುದಾದರೆ ಅಪ್ಪನ ಹಳೆಯ ಕೋವಿಯೇ ಯಾಕೆ? ಅದನ್ನು ಮಾರಿ, ದೂರ ಹೊಡೆಯುವ ಒಳ್ಳೆಯ ಕ್ಯಾಲಿಬರಿನದೊಂದು ತಗೊಂಡರೆ?

ಸಾಫ್ಟ್‌ವೇರ್ ಜನ ಏನು ಮಾಡುತ್ತೇವೆ? ಎಕ್ಸೆಲ್ ಶೀಟ್ ತೆರೆಯುತ್ತೇವೆ. ನಾನೂ ತೆರೆದೆ.

*

ಕ್ಯಾಲಿಬರ್ ಅಂದರೆ ನಳಿಗೆಯ ಒಳ ಅಳತೆ, ಬಹಳ ಸಲ ಇಂಚಿನಲ್ಲಿ. .22 ಅಂದರೆ ಸುಮಾರು ಐದೂವರೆ ಮಿಲಿಮೀಟರ್. ಅಪ್ಪನ ಕೋವಿ .315, ಅಂದರೆ 8 ಮಿಲಿಮೀಟರ್. ಆದರೆ ಬರೀ ಅಳತೆ ನೋಡಿ ಏನೂ ಹೇಳೋಕಾಗಲ್ಲ. ಗುಂಡು ಎಷ್ಟು ತೂಕ, ಅದರ ಮೂಗು ಚೂಪೋ ಮೊಂಡೋ, ಹಿಂದೆ ಎಷ್ಟು ಮದ್ದು, ಎಲ್ಲ ಸೇರಿ ಲೆಕ್ಕ.

ಭೌತಶಾಸ್ತ್ರ ಮೇಷ್ಟ್ರು ಹೇಳಿದ್ದು ನೆನಪಿದೆಯಾ? ಗುಂಡು ನಳಿಗೆಯಿಂದ ಹೊರಬಿದ್ದ ಕ್ಷಣದಿಂದ, ಕೈಯಿಂದ ಜಾರಿದ ಕಲ್ಲಿನ ಹಾಗೆಯೇ ಅದನ್ನೂ ಭೂಮಿ ಎಳೆಯುತ್ತಿರುತ್ತದೆ. ಬೇಗ ಹೋದರೆ ಕಡಿಮೆ ಬೀಳುತ್ತದೆ, ನಿಧಾನಕ್ಕೆ ಹೋದರೆ ಹೆಚ್ಚು, ಅಷ್ಟೇ. ನಮ್ಮ .22 ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ಹೋಗುತ್ತೆ, ಶಬ್ದಕ್ಕಿಂತ ತುಸು ಕಡಿಮೆ. ಬೇಕೆಂದೇ ಹಾಗೆ ಮಾಡಿರುತ್ತಾರೆ, ಯಾಕೆಂದರೆ ಶಬ್ದದ ವೇಗಕ್ಕಿಂತ ಮೇಲಿಂದ ಕೆಳಕ್ಕೆ ಇಳಿಯುವ ಹೊತ್ತಿಗೆ ಗುಂಡು ಸ್ವಲ್ಪ ತಡವರಿಸುತ್ತದೆ. 50 ಮೀಟರಿಗೆ ಸರಿಹೊಂದಿಸಿದ .22 ರೈಫಲಿನಿಂದ 100 ಮೀಟರಿಗೆ ಹೊಡೆದರೆ ಗುಂಡು ಹೆಚ್ಚುಕಡಿಮೆ ಒಂದು ಗೇಣು ಕೆಳಗೆ ಬೀಳುತ್ತದೆ. ಇನ್ನು 300 ಮೀಟರಿಗೆ? 100 ಮೀಟರಿಗೆ ಸರಿಮಾಡಿಟ್ಟಿದ್ದರೂ ಮೂರು ಮೀಟರಿಗಿಂತ ಹೆಚ್ಚು, ಅಂದರೆ ಮನೆಯ ಒಂದು ಮಹಡಿಯಷ್ಟು ಕೆಳಗೆ. ಅಲ್ಲಿಗೆ ತಲುಪಲು ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ಆ ಒಂದು ಸೆಕೆಂಡಿನಲ್ಲಿ ಗಾಳಿ ಏನು ಬೇಕಾದರೂ ಮಾಡಬಹುದು.

ಅಪ್ಪನ .315ದು ದಪ್ಪ, ಮೊಂಡು ಮೂಗಿನ, ಸುಮಾರು 16 ಗ್ರಾಂ ತೂಕದ ಗುಂಡು. ನನ್ನ ಲೆಕ್ಕದ ಪ್ರಕಾರ 100ಕ್ಕೆ ಸರಿಹೊಂದಿಸಿ 300ಕ್ಕೆ ಹೊಡೆದರೆ ಸುಮಾರು ಎರಡು ಮೊಳ ಕೆಳಗೆ. .30-06 ಅಂತ ಇದೆ, 1906ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದದ್ದು, ಹೆಸರಿನಲ್ಲಿರುವ 06 ಆ ಇಸವಿಯೇ. ಒಳ್ಳೆಯ ಚೂಪು ಗುಂಡು ಹಾಕಿದರೆ ಅದು ಸುಮಾರು ಒಂದು ಮೊಳ. ನಮ್ಮ ಇಶಾಪುರದ ಕಾರ್ಖಾನೆಯಲ್ಲಿ ಅಪ್ಪನ .315 ಮಾತ್ರ ಅಲ್ಲ, ಈ .30-06 ರೈಫಲನ್ನೂ ಮಾಡುತ್ತಾರೆ. ಅಲ್ಲಿಗೆ ನನ್ನ ಶೀಟಿನಲ್ಲಿ .30-06ರ ಸಾಲಿಗೆ ಹಸಿರು ಬಣ್ಣ ಬಂತು.

ಟೆಕ್ಸಾಸಿನವನ 6.5 ಕ್ರೀಡ್‌ಮೋರ್ ಎಲ್ಲದಕ್ಕಿಂತ ಚೆನ್ನ. ಉದ್ದನೆಯ, ಸಪೂರ ಗುಂಡು, ಗಾಳಿಗೆ ಕಡಿಮೆ ಬಗ್ಗುತ್ತದೆ. ಆದರೆ ನನ್ನಂಥ ಸಾಮಾನ್ಯ ಲೈಸೆನ್ಸಿನವನಿಗೆ ಇಲ್ಲಿ ಅದು ಕೈಗೆ ಸಿಗುವ ಮಾತಲ್ಲ. .308 ವಿಂಚೆಸ್ಟರ್ ಅಂತ ಇನ್ನೊಂದು ಒಳ್ಳೆಯದಿದೆ, ಆದರೆ ಅದು ನಮ್ಮ ಸೈನ್ಯ ಬಳಸಿದ 7.62ರ ಅವಳಿ ಸಹೋದರ. ಅದನ್ನೂ ದೂರದಿಂದ ನೋಡಿ ಸಂತೋಷಪಡಬೇಕು. ತಮಾಷೆ ಅಂದರೆ ನಮ್ಮ ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಎಂಬ ಕಂಪನಿ .338 ಲಾಪುವಾ ಮ್ಯಾಗ್ನಂ ಸ್ನೈಪರ್ ರೈಫಲನ್ನೇ ತಯಾರಿಸುತ್ತದೆ. ಅದು ಒಂದೂವರೆ ಕಿಲೋಮೀಟರಿನ ಆಟ, ಸೈನ್ಯಗಳಿಗೆ ಮಾತ್ರ. ನಾನು ಅದೇ ಊರಿನಲ್ಲಿ ಕೂತು .315ರ ಲೆಕ್ಕ ಹಾಕುತ್ತಿದ್ದೇನೆ!

*

ಹೀಗೆ ಲೆಕ್ಕ ಹಾಕುತ್ತಾ ಹೋದಾಗ ಒಂದು ಪ್ರಶ್ನೆ ಬಂತು. ಪ್ರಪಂಚದಲ್ಲಿ ಯಾರೂ .315 ಅಂತ ಮಾತಾಡುವುದೇ ಇಲ್ಲವಲ್ಲ, ನಮ್ಮ ದೇಶದಲ್ಲಿ ಮಾತ್ರ ಯಾಕೆ ತೋಟ, ಎಸ್ಟೇಟುಗಳಲ್ಲಿ ಇದೇ ಇದೆ?

ಉತ್ತರ ಕ್ಯಾಲಿಬರಿನಲ್ಲಿಲ್ಲ, ಕಾನೂನಿನಲ್ಲಿದೆ. ಬ್ರಿಟಿಷರಿಗೆ ಒಂದು ಭಯ ಇತ್ತು. ಸೈನ್ಯದ ಬಂದೂಕಿಗೆ ಹೊಂದುವ ಗುಂಡು ಜನರ ಕೈಯಲ್ಲಿದ್ದರೆ, ಕದ್ದ ಬಂದೂಕಿಗೆ ಅದೇ ಗುಂಡು ತುಂಬಿ ನಮ್ಮ ಮೇಲೇ ಹಾರಿಸಿದರೆ? ಹಾಗಾಗಿ ಸೈನ್ಯದ ಅಳತೆಗಳೆಲ್ಲ ಜನಕ್ಕೆ ನಿಷಿದ್ಧ. .303 ಸೈನ್ಯದ್ದು, ಅದು ಬೇಡ. ಅದಕ್ಕೆ ಆಸ್ಟ್ರಿಯಾದವರ 8 ಮಿಲಿಮೀಟರ್ ಮಾನ್ಲಿಷರ್ ಗುಂಡನ್ನು ತಂದು, ಅದಕ್ಕೆ .315 ಅಂತ ಇಂಚಿನ ಹೆಸರಿಟ್ಟು ರೈಫಲ್ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೂ ನಾವು ಅದನ್ನೇ ಮುಂದುವರಿಸಿದೆವು.

ಇದಕ್ಕಿಂತ ಸ್ವಾರಸ್ಯ .450ಯ ಕತೆ. ಬೇಟೆಗಾರರಿಗೆ ಅದು ಬಹಳ ಪ್ರಿಯವಾದ ಅಳತೆ. ಆದರೆ ಹಳೆಯ ಮಾರ್ಟಿನಿ-ಹೆನ್ರಿ ಸೈನಿಕ ಬಂದೂಕುಗಳದ್ದೂ ಅದೇ ಅಳತೆ. 1907ರ ಸುಮಾರಿಗೆ ಭಾರತದಲ್ಲಿ ಅದನ್ನು ನಿಷೇಧಿಸಿದರು. ಲಂಡನ್ನಿನ ಬಂದೂಕು ತಯಾರಕರು ಏನು ಮಾಡಿದರು? ಸ್ವಲ್ಪ ಆಚೀಚೆ ಮಾಡಿ .465, .470, .475 ಅಂತ ಹೊಸ ಅಳತೆಗಳನ್ನೇ ಹುಟ್ಟಿಸಿದರು! ಆಮೇಲೆ ಆಫ್ರಿಕಾದಲ್ಲಿ ಆನೆ ಬೇಟೆಗೆ ಹೆಸರಾದ .470 ಹುಟ್ಟಿದ್ದೇ ಹೀಗೆ, ನಮ್ಮ ದೇಶದ ಒಂದು ಸರ್ಕಾರಿ ಆದೇಶದಿಂದ. ಕ್ಯಾಲಿಬರನ್ನು ಇಲ್ಲಿ ಯಾವತ್ತೂ ಭೌತಶಾಸ್ತ್ರ ಒಂದೇ ಆರಿಸಿಲ್ಲ.

ಬೇಟೆ ಅಂದಾಗ ತೇಜಸ್ವಿ ಅಭಿಮಾನಿಗಳಿಗೆ ಕೆನೆತ್ ಆಂಡರ್ಸನ್ ನೆನಪಾಗಿರಬೇಕು. ಅವರ ಕತೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದಿದ್ದನ್ನು ನಾನು ಹೈಸ್ಕೂಲಿನಲ್ಲಿ ಟಾರ್ಚ್ ಹಿಡಿದು ರಾತ್ರಿಯೆಲ್ಲ ಓದಿದವನು. ಆಂಡರ್ಸನ್ ನಮ್ಮ ಬೆಂಗಳೂರಿನವರೇ, ಅವರ ಕೈಯಲ್ಲಿ .405 ವಿಂಚೆಸ್ಟರ್. ಭಾರದ, ನಿಧಾನದ ಗುಂಡು. ದೂರಕ್ಕೆ ಲಾಯಕ್ಕೇ ಅಲ್ಲ, ಐವತ್ತು ಗಜದೊಳಗಿನ ಕೆಲಸ ಅದು. ಜಿಮ್ ಕಾರ್ಬೆಟ್ಟರಿಗೆ 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿ ಕೊಂದದ್ದಕ್ಕೆ ಉಡುಗೊರೆಯಾಗಿ ಸಿಕ್ಕಿದ್ದು .275 ರಿಗ್ಬಿ, ಅದು ಸಪೂರ, ವೇಗದ ಗುಂಡು. ದೂರಕ್ಕೂ ಚೆನ್ನ. ಆದರೂ ಆ ಮನುಷ್ಯ ಹುಲಿಯ ಹತ್ತಿರ ಹತ್ತಿರ ಹೋಗಿಯೇ ಹೊಡೆಯುತ್ತಿದ್ದರು. ಇದನ್ನು ನಾನು ಆಗ ಓದಿ ಮುಂದಕ್ಕೆ ಹೋದೆ. ಅರ್ಥ ಆಗಿದ್ದು ಆಮೇಲೆ.

ಇರಲಿ, ಲೆಕ್ಕಕ್ಕೆ ವಾಪಸ್ ಬರೋಣ. ಆಗಸ್ಟಿನಲ್ಲಿ ಒಂದು ದಿನ ಬಂದೂಕಿನ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವರು ವಯಸ್ಸಾದವರು, ತಾಳ್ಮೆಯಿಂದ ಕೂರಿಸಿ ಮಾತಾಡಿದರು. "ಮೂವತ್ತು ನಾಟ್ ಸಿಕ್ಸ್ ತಗೊಳ್ಳಿ ಸಾರ್, ಒಳ್ಳೆ ರೈಫಲ್ಲು. ಗುಂಡು ಈಗ ಸ್ಟಾಕಿಲ್ಲ. ಯಾವಾಗ ಬರುತ್ತೆ ಹೇಳಕ್ಕಾಗಲ್ಲ." ".315 ಗುಂಡು?" "ಅದು ಇದೆ." ಬೆಲೆ ಕೇಳಿದೆ. ಒಂದು ಗುಂಡಿನ ದುಡ್ಡಿಗೆ ನಮ್ಮ ಬೀದಿ ಕೊನೆಯ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ, ಒಂದು ಕಾಫಿ ಬರುತ್ತೆ.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಎಲ್ಲಿ ಹೊಡೀತೀರ ಸಾರ್?"

ಹೌದಲ್ವಾ! ಮುನ್ನೂರು ಮೀಟರ್ ಅಂದರೆ ಎಷ್ಟು ಅಂತ ಅಂದಾಜು ಮಾಡಿ. ಬನಶಂಕರಿ ಮೆಟ್ರೋ ಸ್ಟೇಷನ್ನಿನಲ್ಲಿ ನಿಲ್ಲುವ ಆರು ಬೋಗಿಯ ರೈಲು ಸುಮಾರು 130 ಮೀಟರ್ ಉದ್ದ. ಅಂಥ ಎರಡು ರೈಲು ಸಾಲಾಗಿ ನಿಲ್ಲಿಸಿದರೂ ಇನ್ನೂ ಜಾಗ ಉಳಿಯುತ್ತೆ. ಅಷ್ಟುದ್ದದ ರೇಂಜು, ಅದರ ಹಿಂದೆ ಗುಂಡು ತಡೆಯುವ ಮಣ್ಣಿನ ದಿಬ್ಬ, ಇವೆಲ್ಲ ಇರುವುದು ಸೈನ್ಯ, ಪೊಲೀಸಿನವರ ಹತ್ತಿರ. ನಾನು ಹೋಗಬಹುದಾದ ಯಾವ ರೇಂಜೂ 50 ಮೀಟರ್ ದಾಟುವುದಿಲ್ಲ. ಒಲಿಂಪಿಕ್ಸಿನಲ್ಲೇ 300 ಮೀಟರ್ ರೈಫಲ್ ಸ್ಪರ್ಧೆ 1972ರ ಮ್ಯೂನಿಕ್ ಆದಮೇಲೆ ನಿಂತುಹೋಯಿತು. ಎಸ್ಟೇಟಿನಲ್ಲಿ ಹೊಡೆಯೋಣ ಅಂದರೆ, ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸು ಗುರಿ ಅಭ್ಯಾಸಕ್ಕಲ್ಲ.

ಇನ್ನೂ ಒಂದು ಲೆಕ್ಕ. ಅಪ್ಪನ ಲೈಸೆನ್ಸಿನಲ್ಲಿ ಬರೆದಿರುವುದು ವರ್ಷಕ್ಕೆ ಐವತ್ತು ಗುಂಡು. ನಾನು ಕ್ಲಬ್ಬಿನಲ್ಲಿ ಒಂದು ಬೆಳಿಗ್ಗೆ ಹೊಡೆಯುವುದೇ ಅರವತ್ತು.

ಇಷ್ಟಾದರೂ ನನ್ನ ಶೀಟಿನಲ್ಲಿ .30-06ರ ಸಾಲು ಹಸಿರಾಗಿಯೇ ಇತ್ತು. ಹುಚ್ಚು ಅಂದರೆ ಹಾಗೇ ಅಲ್ವಾ?

*

ಸೆಪ್ಟೆಂಬರಿನಲ್ಲಿ ಊರಿಗೆ ಹೋದೆ. ನಮ್ಮದು ಸೋಮವಾರಪೇಟೆ ಕಡೆ, ಒಂದಿಷ್ಟು ಕಾಫಿ, ಒಂದಿಷ್ಟು ಗದ್ದೆ. ಕೊಡಗು ಅಂದರೆ ಎಲ್ಲರ ಮನೆಯಲ್ಲೂ ಲೈಸೆನ್ಸಿಲ್ಲದ ಕೋವಿ ಅಂತ ಬೆಂಗಳೂರಿನ ಸ್ನೇಹಿತರು ತಿಳಿದಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಬಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ನಾವು ಎರಡೂ ಅಲ್ಲ. ಹಾಗಾಗಿ ಅಪ್ಪ 1981ರಲ್ಲಿ ಅರ್ಜಿ ಹಾಕಿ, ಅಲೆದಾಡಿ ಲೈಸೆನ್ಸ್ ತಗೊಂಡಿದ್ದು.

ನನಗೆ ನೆನಪಿರುವ ಹಾಗೆ ಆ ಕೋವಿಗೆ ಎರಡು ಕಾಲ ಇದೆ. ನಾನು ಸಣ್ಣವನಿದ್ದಾಗ ಅದು ಅಪ್ಪನ ಕೋಣೆಯ ಬೀರುವಿನಲ್ಲಿರುತ್ತಿತ್ತು. ರಾತ್ರಿ ಗದ್ದೆಗೆ ಆನೆ ಬಂತು ಅಂದರೆ ಅಪ್ಪ ಅದನ್ನು ಹೆಗಲಿಗೇರಿಸಿ ಹೊರಟರೆ ನಾನು ಕಿಟಕಿಯಲ್ಲಿ ಕಿವಿ ಮುಚ್ಚಿಕೊಂಡು ಕಾಯುತ್ತಿದ್ದೆ. ಕಣಿವೆಯೆಲ್ಲ ನಡುಗುವ ಹಾಗೆ ಒಂದು ಈಡು. ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ ಆ ಸದ್ದು ನಿಂತುಹೋಯಿತು. ಕೋವಿ ಬೀಗ ಹಾಕಿದ ಪೆಟ್ಟಿಗೆ ಸೇರಿತು. ಆನೆ ಬಂದರೆ ಪಟಾಕಿ, ತಗಡಿನ ಡಬ್ಬ. "ಯಾಕಪ್ಪ ಕೋವಿ ಹೊಡೆಯಲ್ಲ?" ಅಂದರೆ "ಗುಂಡಿಗೆ ದುಡ್ಡು ಜಾಸ್ತಿ ಕಣೋ" ಅನ್ನುತ್ತಿದ್ದರು. ಆದರೆ ರಿನೀವಲ್ ಒಂದು ಸಲವೂ ತಪ್ಪಿಸಲಿಲ್ಲ, ಎಣ್ಣೆ ಹಾಕುವುದು ತಪ್ಪಿಸಲಿಲ್ಲ, ಆಯುಧಪೂಜೆಗೆ ಚೆಂಡುಹೂ ತಪ್ಪಿಸಲಿಲ್ಲ. ಎಲೆಕ್ಷನ್ ಬಂದಾಗಲೆಲ್ಲ ಠಾಣೆಗೆ ಒಯ್ದು ಒಪ್ಪಿಸಿ, ರಸೀದಿ ತಗೊಂಡು, ಎಲೆಕ್ಷನ್ ಮುಗಿದ ಮೇಲೆ ತರುತ್ತಿದ್ದರು.

ಊಟ ಆದಮೇಲೆ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ಅಪ್ಪನಿಗೆ ಎಲ್ಲ ವಿವರಿಸಿದೆ. ಇಷ್ಟು ಮೀಟರಿಗೆ ಇಷ್ಟು ಬೀಳುತ್ತೆ, ಗಾಳಿಗೆ ಇಷ್ಟು ಸರಿಯುತ್ತೆ, ಹಾಗಾಗಿ ಇದನ್ನು ಮಾರಿ ಅದನ್ನು ತಗೊಳ್ಳೋಣ. ಅಪ್ಪ ಕನ್ನಡಕ ಮೇಲೆ ಕೆಳಗೆ ಮಾಡಿ ಪೂರ್ತಿ ನೋಡಿದರು. ಆಮೇಲೆ ಕೇಳಿದರು:

"ಇದರಲ್ಲಿ ಗುಂಡು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಎಲ್ಲಿ ಬರೆದಿದ್ದೀಯ?"

ನನ್ನ ಶೀಟಿನಲ್ಲಿ ಅಂಥ ಕಾಲಂ ಇರಲಿಲ್ಲ. ಗುರಿ ಇದ್ದಲ್ಲಿಗೆ ನನ್ನ ಲೆಕ್ಕ ಮುಗಿಯುತ್ತಿತ್ತು.

ಅಪ್ಪ ಎದ್ದು ಒಳಗೆ ಹೋದರು. ಹಳೆಯ ಜಮಾ-ಖರ್ಚಿನ ಪುಸ್ತಕಗಳಿಡುವ ಬೀರುವಿನಿಂದ ಒಂದು ಸಣ್ಣ ತಗಡಿನ ಡಬ್ಬ ತಂದರು. ಒಳಗೆ ಒಂದು ಸೀಸದ ಉಂಡೆ. ಒಂದು ಮಗ್ಗುಲು ಚಪ್ಪಟೆ.

"1989. ನೀನು ಆಗ ಮೂರನೇ ಕ್ಲಾಸು. ಆನೆ ಬಂದಿತ್ತಲ್ಲ, ಬೆದರಿಸೋಣ ಅಂತ ಮೇಲಕ್ಕೆ ಹಿಡಿದು ಹೊಡೆದೆ. ನಾನೇನೋ ಆಕಾಶಕ್ಕೆ ಹೊಡೆದೆ ಅಂದ್ಕೊಂಡಿದ್ದೆ. ಕತ್ತಲು, ಕೈ ನಡುಗ್ತಿತ್ತು, ಸೀದಾ ಮೇಲಕ್ಕೆ ಇರಲಿಲ್ಲ ನಳಿಗೆ. ಬೆಳಿಗ್ಗೆ ಹೊಳೆ ಆಚೆ ಎಸ್ಟೇಟಿನ ರೈಟರು ಬಂದ್ರು, ಇದನ್ನು ಅಂಗೈಯಲ್ಲಿ ಇಟ್ಕೊಂಡು. ಅವರ ಲೈನ್ ಮನೆ ಹೆಂಚು ಒಡ್ಕೊಂಡು ಒಳಗೆ ಬಿದ್ದಿತ್ತಂತೆ. ಅಕ್ಕಿ ಮೂಟೆಯಲ್ಲಿ ಸಿಕ್ಕಿದ್ದು. ಮೂಟೆ ಪಕ್ಕದಲ್ಲಿ ಒಂದು ಮಗು ಮಲಗಿತ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಮೊಳ ದೂರ" ಅಂದರು.

ಎರಡು ಮೊಳ, ಒಂದು ಮೊಳ ಅಂತ ನಾನು ಅಷ್ಟು ಹೊತ್ತು ಲೆಕ್ಕ ಒಪ್ಪಿಸುತ್ತಿದ್ದೆನಲ್ಲ, ನನ್ನ ಬಾಯಿ ಕಟ್ಟಿಹೋಯಿತು.

"ನಾನು ಆ ಮನೆಗೆ ಹೋದೆ. ಹೆಂಚು ಹಾಕಿಸಿಕೊಟ್ಟೆ. ಆ ಹೆಂಗಸು ನನ್ನ ಬೈಯಲಿಲ್ಲ ಕಣೋ. ಬೈದಿದ್ರೆ ಚೆನ್ನಾಗಿತ್ತು. ಕಾಫಿ ಕೊಟ್ಲು. ಕಂಪ್ಲೇಂಟೂ ಆಗಲಿಲ್ಲ, ಯಾರೂ ಏನೂ ಕೇಳಲಿಲ್ಲ. ನಿನ್ನಮ್ಮನಿಗೂ ಹೇಳಿರಲಿಲ್ಲ."

"ಮತ್ತೆ ಕೋವಿನ ಅವತ್ತೇ ಯಾಕೆ ಮಾರಲಿಲ್ಲ ಅಪ್ಪ?"

"ಮಾರಿದ್ರೆ ತಗೊಂಡವನಿಗೆ ಈ ಕತೆ ಗೊತ್ತಿರ್ತಿತ್ತಾ?"

ಹೊಳೆಯ ಆಚೆ ಆ ಲೈನ್ ಮನೆಗಳಿದ್ದ ಜಾಗ ನಮ್ಮ ಜಗಲಿಯಿಂದ ಕಾಣುತ್ತದೆ. ನೇರಕ್ಕೆ ಒಂದು ಕಿಲೋಮೀಟರಿಗಿಂತ ಹೆಚ್ಚೇ ಇದೆ. ರಾತ್ರಿ ನಿದ್ದೆ ಬರದೆ ನಾನು ಶೀಟಿಗೆ ಹೊಸ ಕಾಲಂ ಸೇರಿಸಿದೆ. ನಳಿಗೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹೊಡೆದರೆ ಪುಟಾಣಿ .22 ಗುಂಡೇ ಸುಮಾರು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. .30-06 ಆದರೆ ಮೂರು, ನಾಲ್ಕು ಕಿಲೋಮೀಟರ್ ದಾಟುತ್ತದೆ. ಜೆ.ಪಿ. ನಗರದ ನಮ್ಮ ಮನೆಯ ಟೆರೇಸಿನಿಂದ ನಾಲ್ಕು ಕಿಲೋಮೀಟರ್ ಸುತ್ತು ಹಾಕಿ ನೋಡಿ. ರಾಗಿಗುಡ್ಡ, ಜಯನಗರ, ಬಿಟಿಎಂ, ಬನಶಂಕರಿ ದೇವಸ್ಥಾನ. ಎಷ್ಟು ಲಕ್ಷ ಜನ ಮಲಗಿರುತ್ತಾರೆ ಅಲ್ಲಿ!

ಕಾರ್ಬೆಟ್ಟು, ಆಂಡರ್ಸನ್ನು ಯಾಕೆ ಹತ್ತಿರ ಹೋಗುತ್ತಿದ್ದರು ಅಂತ ಆಗ ಅನ್ನಿಸಿತು. ಗುಂಡು ದೂರ ಹೋಗಲ್ಲ ಅಂತ ಅಲ್ಲ. ತಾನು ಹೊಡೆದದ್ದು ಏನು, ಅದರ ಹಿಂದೆ ಏನಿದೆ ಅಂತ ಕಣ್ಣಿಗೆ ಕಾಣುವಷ್ಟು ದೂರವೇ ಹೊಡೆಯುವವನ ದೂರ. ಅದರಾಚೆಯದು ಗುಂಡಿನ ದೂರ, ನಮ್ಮದಲ್ಲ.

*

ಮಾರನೆಯ ದಿನ ಅಪ್ಪ, "ಬಾ, ತೆಂಗಿನಕಾಯಿ ಹೊಡೆಯೋದು ನೋಡ್ಕೊಂಡು ಬರೋಣ" ಅಂದರು. ಕೈಲ್‌ಪೊಳ್ದ್ ಹಬ್ಬದ ಆಸುಪಾಸು ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಹಬ್ಬ ಅದು, ನಾಟಿ ಮುಗಿದ ಮೇಲೆ ಕೋವಿಗಳನ್ನು ಪೂಜಿಸಿ, ಬೆಂಕಿ ಬಣ್ಣದ ತೋಕ್ ಪೂ ಇಡುತ್ತಾರೆ. ಮಡಿಕೇರಿ ಹತ್ತಿರ ಅಪ್ಪನ ಹಳೆಯ ಸ್ನೇಹಿತರೊಬ್ಬರ ಊರಿನಲ್ಲಿ ಮೈದಾನದ ಒಂದು ತುದಿಗೆ ಮಣ್ಣಿನ ಬರೆ, ಅದರ ಮುಂದೆ ಸುಲಿದ ತೆಂಗಿನಕಾಯಿ, 50 ಮೀಟರಿನಲ್ಲಿ ಅವರದೇ .22 ರೈಫಲ್. ಮೈಕಿನಲ್ಲಿ ಹೆಸರು ಕರೆಯುವುದು, ಕಾಯಿ ಸಿಡಿದರೆ ಚಪ್ಪಾಳೆ, ತಪ್ಪಿದರೆ ಅದಕ್ಕಿಂತ ಜೋರು ಚಪ್ಪಾಳೆ.

ಇಲ್ಲಿ ಒಂದು ವಿಚಿತ್ರ ಕಾಕತಾಳೀಯ. ಸುಲಿದ ತೆಂಗಿನಕಾಯಿಯ ಅಗಲ ಹತ್ತು ಸೆಂಟಿಮೀಟರ್ ಆಸುಪಾಸು. ಅಂತರರಾಷ್ಟ್ರೀಯ 300 ಮೀಟರ್ ಗುರಿಯಲ್ಲಿ ನಡುವಿನ ಹತ್ತು ಅಂಕದ ವೃತ್ತ ಸರಿಯಾಗಿ ಹತ್ತು ಸೆಂಟಿಮೀಟರ್! ಅಂದರೆ ನಾನು ಕನಸು ಕಾಣುತ್ತಿದ್ದದ್ದು ಆರು ಪಟ್ಟು ದೂರದ ತೆಂಗಿನಕಾಯಿ. ಇನ್ನೂ ಒಂದು. ನಮ್ಮ ಕ್ಲಬ್ಬಿನ 50 ಮೀಟರ್ ಗುರಿಯ ಹತ್ತರ ವೃತ್ತ 10.4 ಮಿಲಿಮೀಟರ್, ಒಂದು ಬಟಾಣಿಗಿಂತ ಸ್ವಲ್ಪ ದೊಡ್ಡದು. ಆರು ಪಟ್ಟು ದೂರಕ್ಕೆ ಹಿಗ್ಗಿಸಿದರೆ ಆರು ಸೆಂಟಿಮೀಟರ್ ಚಿಲ್ಲರೆ. ಹಾಗಾದರೆ ಗಾಳಿಯ ಕಾಟ ಒಂದು ಬಿಟ್ಟರೆ, ನನ್ನ ಕೈಗೆ, ಉಸಿರಿಗೆ, ಬೆರಳಿಗೆ 50 ಮೀಟರೇ ಹೆಚ್ಚು ಕಠಿಣ ಪರೀಕ್ಷೆ! ನಾನು ಆ ಪರೀಕ್ಷೆಯಲ್ಲೇ ಇನ್ನೂ ಪಾಸಾಗಿಲ್ಲ. ಅರವತ್ತರಲ್ಲಿ ಹತ್ತಕ್ಕೆ ಬೀಳುವುದು ಹದಿನೈದೋ ಇಪ್ಪತ್ತೋ. ಮೂರು ತಿಂಗಳು ಮುನ್ನೂರು ಮೀಟರಿನ ಗುಂಡು ಹುಡುಕಿದವನಿಗೆ ಈ ಲೆಕ್ಕ ಹೊಳೆದಿರಲಿಲ್ಲ ನೋಡಿ.

ಅಪ್ಪನ ಸ್ನೇಹಿತರು ಬಿಡಲಿಲ್ಲ, "ನೀವೂ ಒಂದು ಹೊಡೀರಿ" ಅಂತ ಅಪ್ಪನ ಕೈಗೆ ರೈಫಲ್ ಕೊಟ್ಟರು. ಮೂವತ್ತಾರು ವರ್ಷ ಆದಮೇಲೆ ಅಪ್ಪ ಕುದುರೆಗೆ ಬೆರಳಿಟ್ಟದ್ದು ಅದೇ ಮೊದಲು ಅಂತ ಆ ಮೈದಾನದಲ್ಲಿ ನನಗೆ ಮಾತ್ರ ಗೊತ್ತಿತ್ತು. ಅಪ್ಪ ಗುರಿ ನೋಡುವ ಮೊದಲು ಗುರಿಯ ಹಿಂದಿನ ಬರೆಯನ್ನು ನೋಡಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಮೈಕಿನವರು "ಹೊಡೀರಿ, ಹೊಡೀರಿ" ಅಂದರೂ ಅವಸರ ಮಾಡಲಿಲ್ಲ.

ಗುಂಡು ತಪ್ಪಿತು. ಕಾಯಿಯ ಪಕ್ಕದ ಮಣ್ಣು ಹಾರಿತು. ಜೋರು ಚಪ್ಪಾಳೆ.

"ಎಲ್ಲಿಗೆ ಹೋಯ್ತು ಅಂತ ಕಾಣಿಸ್ತಲ್ಲ, ಸಾಕು" ಅಂದರು ಅಪ್ಪ, ರೈಫಲ್ ವಾಪಸ್ ಕೊಡುತ್ತಾ.

*

ಈಗ ಏನಾಗಿದೆ ಅಂತ ಹೇಳಿ ಮುಗಿಸ್ತೀನಿ. .30-06 ತಗೊಳ್ಳುತ್ತಿಲ್ಲ. ಅಪ್ಪನ .315ನ್ನು ಮಾರುತ್ತಲೂ ಇಲ್ಲ. 2016ರ ಆಯುಧ ನಿಯಮಗಳಲ್ಲಿ, ಲೈಸೆನ್ಸುದಾರರಿಗೆ ಎಪ್ಪತ್ತು ವರ್ಷ ತುಂಬಿದ್ದರೆ ಅಥವಾ ಕೋವಿ ಇಪ್ಪತ್ತೈದು ವರ್ಷದಿಂದ ಅವರ ಹತ್ತಿರ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೊಡಲು ಅವಕಾಶ ಇದೆ. ನಮಗೆ ಎರಡೂ ಅನ್ವಯಿಸುತ್ತದೆ. ಅರ್ಜಿ ಹಾಕಿದ್ದೇವೆ. ಪೊಲೀಸ್ ವೆರಿಫಿಕೇಶನ್ನು, ಮೆಡಿಕಲ್ ಸರ್ಟಿಫಿಕೇಟು ಅಂತ ಓಡಾಟ ನಡೆದಿದೆ. ಸಿಕ್ಕರೆ ಅದು ನನ್ನ ಹತ್ತಿರ ಪೆಟ್ಟಿಗೆಯಲ್ಲಿರುತ್ತದೆ, ಆ ಸೀಸದ ಉಂಡೆಯ ಡಬ್ಬದ ಜೊತೆ. ಡಬ್ಬವನ್ನು ಅಪ್ಪ ಈಗಾಗಲೇ ಕೊಟ್ಟಿದ್ದಾರೆ, ಅದಕ್ಕೆ ಲೈಸೆನ್ಸ್ ಬೇಕಿಲ್ಲವಲ್ಲ.

ದೂರದ ಗುರಿಗೆ ಯಾವ ಕ್ಯಾಲಿಬರ್ ಅಂತ ಯಾರಾದರೂ ಕೇಳಿದರೆ ಈಗ ನನ್ನ ಉತ್ತರ .22. ತಿಂಗಳಿಗೆ ನೂರಿಪ್ಪತ್ತು ಗುಂಡು ಹೊಡೆಯಲು ಸಾಧ್ಯವಿರುವುದು ಅದರಲ್ಲಿ ಮಾತ್ರ, ಹಿಂದೆ ಮಣ್ಣಿನ ದಿಬ್ಬ ಇರುವುದೂ ಅಲ್ಲಿ ಮಾತ್ರ. ಟೆಕ್ಸಾಸಿನವನು ನಗುತ್ತಾನೆ. ನಗಲಿ. ಅವನಿಗೂ ಶೀಟ್ ಕಳಿಸಿದ್ದೇನೆ, ಹೊಸ ಕಾಲಂ ಸಮೇತ. ಎರಡು ದಿನ ಬಿಟ್ಟು ಉತ್ತರ ಬಂತು: "ಅಣ್ಣ, ನಮ್ಮ ರೇಂಜಿನ ಹಿಂದೆ ಗುಡ್ಡ ಇದೆ. ಗುಡ್ಡದ ಹಿಂದೆ ಏನಿದೆ ಅಂತ ಇವತ್ತು ಮ್ಯಾಪಿನಲ್ಲಿ ನೋಡಿದೆ."

ನಿಮ್ಮ ಊರಿನ ಮನೆಗಳಲ್ಲೂ ಅಟ್ಟದ ಮೇಲೆ, ಪೆಟ್ಟಿಗೆಯೊಳಗೆ ಇಂಥ ಕೋವಿ, ಇಂಥ ಕತೆ ಇರಬಹುದು. ಹಿರಿಯರು ಇನ್ನೂ ಇದ್ದರೆ ಒಂದು ಸಲ ಕೇಳಿ ನೋಡಿ. ಕೇಳಿದ್ದನ್ನು ಬರೆಯಿರಿ, ಓದಲು ಕಾಯ್ತಿರ್ತೀನಿ.